ನಮ್ಮ ಬಾವಿ, ತೋಡು, ಸುರಂಗಗಳ ಲೆಕ್ಕ ನಾವೇ ಇಡೋಣ: ಕಾಸರಗೋಡು, ಮಂಜೇಶ್ವರ ಕಡೆಯವರು ಬನ್ನಿ

ನೀರ್ಚಾಲಿನವ

ಎಲ್ಲರಿಗೂ ನಮಸ್ಕಾರ. ಮಾರ್ಚ್ ಬಂದ ಕೂಡಲೇ ನಮ್ಮ ಕಡೆ ಒಂದೇ ಮಾತು. "ಈ ಸಲ ನೀರು ಬೇಗ ಇಳಿಯಿತು." ಎಷ್ಟು ಬೇಗ? ಎಷ್ಟು ಇಳಿಯಿತು? ಹೋದ ವರ್ಷ ಇದೇ ಹೊತ್ತಿಗೆ ಎಲ್ಲಿತ್ತು? ಕೇಳಿದರೆ ಯಾರ ಹತ್ತಿರವೂ ಅಂಕಿ ಇಲ್ಲ. ಬಾವಿಯಲ್ಲಿ ಯಾವ ಕಲ್ಲಿನವರೆಗೆ ನೀರು ನಿಲ್ಲುತ್ತಿತ್ತು ಅಂತ ಅಜ್ಜಂದಿರಿಗೆ ನೆನಪಿತ್ತು. ಯಾರೂ ಬರೆದಿಡಲಿಲ್ಲ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಸಣ್ಣದು ದೊಡ್ಡದು ಸೇರಿ 12 ಹೊಳೆ. ಆದರೂ ಏಪ್ರಿಲ್‌ನಲ್ಲಿ ಟ್ಯಾಂಕರ್ ಬರಬೇಕು. ಕೇಂದ್ರ ಅಂತರ್ಜಲ ಮಂಡಳಿಯ 2017ರ ಲೆಕ್ಕದಲ್ಲಿ ಕಾಸರಗೋಡು ಬ್ಲಾಕ್ "ಕ್ರಿಟಿಕಲ್" ಪಟ್ಟಿಯಲ್ಲಿತ್ತು. ಅಂದರೆ ಒಂದು ವರ್ಷದಲ್ಲಿ ತೆಗೆಯಬಹುದಾದ ನೀರಿನಲ್ಲಿ ಶೇಕಡಾ 90ಕ್ಕಿಂತ ಜಾಸ್ತಿ ನಾವು ಆಗ ತೆಗೆಯುತ್ತಿದ್ದೆವು. ಈ ಬ್ಲಾಕಿನಲ್ಲಿ ಚೆಮ್ನಾಡು, ಚೆಂಗಳ, ಕುಂಬಳೆ, ಮಧೂರು, ಮೊಗ್ರಾಲ್ ಪುತ್ತೂರು, ಬದಿಯಡ್ಕ ಎಲ್ಲ ಸೇರಿವೆ. ಕಡಲ ಬದಿಯ ಹೊಯಿಗೆಯ ಬಾವಿಗೂ ಬದಿಯಡ್ಕದ ಗುಡ್ಡದ ಬಾವಿಗೂ ಒಂದೇ ಹಣೆಪಟ್ಟಿ. ಪಕ್ಕದ ಕುಂಬ್ಡಾಜೆ ಪಂಚಾಯತ್ ಕಾರಡ್ಕ ಬ್ಲಾಕಿಗೆ ಸೇರುತ್ತದೆ, ಅಲ್ಲಿಯದ್ದು ಬೇರೆ ಲೆಕ್ಕ. ಗಡಿ ನೋಡಿಕೊಂಡು ನೀರು ನಿಲ್ಲುವುದಿಲ್ಲ ಅಲ್ವಾ.

ಮಂಡಳಿಯವರು ವರ್ಷಕ್ಕೆ 4 ಸಲ, ಜನವರಿ, ಏಪ್ರಿಲ್, ಆಗಸ್ಟ್, ನವೆಂಬರ್‌ನಲ್ಲಿ ಮಟ್ಟ ಅಳೆಯುತ್ತಾರೆ. ಅಂಕಿಗಳು ಇಂಡಿಯಾ ವ್ರಿಸ್ ಜಾಲತಾಣದಲ್ಲಿ ಸಿಗುತ್ತವೆ. ಅದು ಒಳ್ಳೆಯ ಕೆಲಸ, ಆದರೆ ಅವರ ಬಾವಿಗಳು ದೂರ ದೂರ. ನಮ್ಮ ವಾರ್ಡಿನ ಕಥೆ ಅದರಲ್ಲಿ ಸಿಗುವುದಿಲ್ಲ.

ನನ್ನ ಮನಸ್ಸಿನಲ್ಲಿ ಇರುವುದು ಇಷ್ಟು. ಒಂದೊಂದು ವಾರ್ಡಿನಲ್ಲಿ ಎರಡು ಬಾವಿ, ಒಂದು ತೋಡು (ಸಣ್ಣ ಹಳ್ಳ), ಇದ್ದರೆ ಒಂದು ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು). ತಿಂಗಳಿಗೊಮ್ಮೆ ಅಳತೆ. ಎಲ್ಲರೂ ಒಂದೇ ಕ್ರಮದಲ್ಲಿ ಅಳೆಯಬೇಕು. ಯಾರು ಬೇಕಾದರೂ ನೋಡುವ ಹಾಗೆ ಒಂದೇ ಕಡೆ ಹಾಕಬೇಕು. ತಿಳಿದವರು ಹೇಗೆ ಅಂತ ಹೇಳಿ. ಬೇಡ ಅನಿಸಿದವರು ಯಾಕೆ ಬೇಡ ಅಂತ ಹೇಳಿ.

ಪೆರ್ಲದ ಮೇಷ್ಟ್ರು

ನಾನಿದ್ದೇನೆ. ಆದರೆ ಮಳೆಯ ಲೆಕ್ಕವನ್ನೂ ಸೇರಿಸಿ. ಮಳೆ ಗೊತ್ತಿಲ್ಲದೆ ಬಾವಿಯ ಮಟ್ಟ ಮಾತ್ರ ಬರೆದರೆ ಅರ್ಧ ಕಥೆ. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಗೆ, ಎರಡು ಮಳೆ ಬಂತು ಅನ್ನುತ್ತೇವೆ, ಅದು 10 ಮಿಲಿಮೀಟರೋ 60 ಮಿಲಿಮೀಟರೋ ಅಂತ ಹೇಳಬೇಕು.

ಖರ್ಚು ದೊಡ್ಡದಲ್ಲ. ಸರಿಯಾದ ಮಳೆ ಮಾಪಕ ಒಂದು ತಂದರೆ ಸಾಕು. ಅದನ್ನು ಮಾಡಿನ ನೀರು ಬೀಳುವ ಕಡೆ, ತೆಂಗಿನ ಮರದ ಕೆಳಗೆ ಇಡಬಾರದು. ಬಯಲಿನಲ್ಲಿ ಇಡಬೇಕು. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ನೋಡುತ್ತಾರೆ, ನಾವೂ ಅದೇ ಹೊತ್ತು ಇಟ್ಟುಕೊಂಡರೆ ನಮ್ಮ ಅಂಕಿಯನ್ನು ಕುಡ್ಲಿನ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಅಂಕಿಯ ಪಕ್ಕ ಇಟ್ಟು ನೋಡಬಹುದು. 24 ಗಂಟೆಯಲ್ಲಿ 2.5 ಮಿಲಿಮೀಟರ್ ಅಥವಾ ಜಾಸ್ತಿ ಬಿದ್ದರೆ ಅದು "ಮಳೆ ದಿನ". ಅದಕ್ಕಿಂತ ಕಡಿಮೆ ಬಿದ್ದರೂ ಬರೆಯಿರಿ.

ಮಕ್ಕಳಿಗೆ ಒಂದು ಲೆಕ್ಕ ಹೇಳಿಕೊಡುತ್ತೇನೆ. ಒಂದು ಚದರ ಮೀಟರ್ ಜಾಗಕ್ಕೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 100 ಚದರ ಮೀಟರ್ ಮಾಡಿನ ಮೇಲೆ ನಮ್ಮ 3500 ಮಿಲಿಮೀಟರ್ ಬಿದ್ದರೆ ಮೂರೂವರೆ ಲಕ್ಷ ಲೀಟರ್. ಇದನ್ನು ಬೋರ್ಡಿನಲ್ಲಿ ಬರೆದ ದಿನ ಮಕ್ಕಳು ಮನೆಗೆ ಹೋಗಿ ಅಪ್ಪ ಅಮ್ಮನನ್ನು ಪ್ರಶ್ನೆ ಕೇಳುತ್ತಾರೆ. ಶಾಲೆಗಳನ್ನು ಬಿಡಬೇಡಿ.

ಬಾಯಾರು ತೋಟ

ನನ್ನ ಮಾತು ಖಾರ ಅನಿಸಿದರೆ ಬೇಸರ ಮಾಡಬೇಡಿ. ಲೆಕ್ಕ ಇಟ್ಟರೆ ನೀರು ಬರುತ್ತದಾ ಮಾರಾಯ್ರೇ? ನಮ್ಮ ತೋಟಕ್ಕೆ ಎಷ್ಟೋ ಸಲ ಜನ ಬಂದಿದ್ದಾರೆ. ಸುರಂಗದ ಫೋಟೋ ತೆಗೆದರು, ಉದ್ದ ಅಳೆದರು, ಅಪ್ಪನ ಹತ್ತಿರ ಗಂಟೆಗಟ್ಟಲೆ ಮಾತಾಡಿದರು, ಚಾ ಕುಡಿದು ಹೋದರು. ಅದರಿಂದ ಏನು ಸಿಕ್ಕಿತು ಅಂತ ನಮಗೆ ಒಂದು ಕಾಗದದಲ್ಲೂ ಬರಲಿಲ್ಲ.

ಇನ್ನೊಂದು ವಿಷಯ. ಬೋರಿನ ಆಳ, ಪಂಪಿನ ಎಚ್‌ಪಿ ಎಲ್ಲ ಊರಿಗೇ ಕಾಣುವ ಹಾಗೆ ಹಾಕಿದರೆ ನಾಳೆ ಯಾರಾದರೂ ಅದನ್ನೇ ಹಿಡಿದು "ನೀನು ಜಾಸ್ತಿ ತೆಗೆಯುತ್ತಿದ್ದಿ" ಅಂತ ಬರಬಹುದು. ಅಡಿಕೆಗೆ ನೀರು ಬಿಡದೆ ಆಗುತ್ತದಾ? ಮೊದಲು ಇದಕ್ಕೆ ಉತ್ತರ ಕೊಡಿ.

ನೀರ್ಚಾಲಿನವ

ಅಣ್ಣ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಹೊರಗಿನವರು ಬಂದು ತೆಗೆದುಕೊಂಡು ಹೋದ ಮಾಹಿತಿ ನಮ್ಮ ಕೈಗೆ ವಾಪಸು ಬರುವುದಿಲ್ಲ ಅನ್ನುವುದಕ್ಕೇ ನಾವೇ ಇಡೋಣ ಅಂತ ಹೇಳುತ್ತಿರುವುದು. ಇಲ್ಲಿ ಅಳೆಯುವವನೂ ನೀವೇ, ಪುಸ್ತಕ ಇರುವುದೂ ನಿಮ್ಮ ಮನೆಯಲ್ಲೇ.

ಪ್ರಯೋಜನ ಏನು ಅಂತ ಕೇಳಿದಿರಿ. ಏತಡ್ಕದ ಕಟ್ಟಗಳನ್ನು ನೋಡಿ. ಮಳೆಗಾಲ ಮುಗಿದು ತೋಡಿನ ನೀರು ಕಡಿಮೆಯಾಗುವ ಹೊತ್ತಿಗೆ ಊರವರು ಸೇರಿ ತೋಡಿಗೆ ಅಡ್ಡವಾಗಿ ಕಲ್ಲು ಮಣ್ಣಿನಲ್ಲಿ ಕಟ್ಟ ಕಟ್ಟುತ್ತಾರೆ. ಕಟ್ಟ ಹಾಕಿದರೆ ಸುತ್ತಲಿನ ಕೆರೆ ಬಾವಿಗಳಲ್ಲಿ ನೀರು ನಿಲ್ಲುತ್ತದೆ ಅಂತ ಅಲ್ಲಿ ಎಲ್ಲರಿಗೂ ಅನುಭವದಿಂದ ಗೊತ್ತು. ಆದರೆ ಪಕ್ಕದ ಊರಿನವರಿಗೆ "ನೀವೂ ಕಟ್ಟಿ" ಅಂತ ಹೇಳುವಾಗ, ಪಂಚಾಯತಿಗೆ ಹೋಗಿ ಹಣ ಕೇಳುವಾಗ, ಅನುಭವದ ಜೊತೆ ಅಂಕಿ ಬೇಕು. ಕಟ್ಟದ ಮೇಲಿನ ಬಾವಿಯಲ್ಲಿ ಇಷ್ಟು, ಕೆಳಗಿನ ಬಾವಿಯಲ್ಲಿ ಇಷ್ಟು, ಕಟ್ಟ ಇಲ್ಲದ ವರ್ಷ ಇಷ್ಟು. ಮೂರು ನಾಲ್ಕು ಬೇಸಿಗೆಯ ಅಂಕಿ ಇದ್ದರೆ ಯಾರೂ ಇಲ್ಲ ಅನ್ನುವ ಹಾಗಿಲ್ಲ.

ಪಂಪಿನ ಎಚ್‌ಪಿ ನಮಗೆ ಬೇಡ. ನೀರಿನ ಮಟ್ಟ ಮಾತ್ರ ಸಾಕು.

ಪಡ್ರೆಯ ಮಗಳು

ನಾನು ಈ ಗುಂಪಿನಲ್ಲಿ ಬರೆಯುವುದು ಕಡಿಮೆ. ಇದನ್ನು ಓದಿ ಸುಮ್ನೆ ಇರಲು ಆಗಲಿಲ್ಲ.

ಲೆಕ್ಕ ಇಟ್ಟು ಏನು ಪ್ರಯೋಜನ ಅಂತ ಕೇಳುವವರು ನಮ್ಮ ಊರಿನ ಕಥೆ ನೆನಪಿಸಿಕೊಳ್ಳಿ. ಗೇರು ತೋಟಗಳಿಗೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟರು. ಗುಡ್ಡದ ಮೇಲೆ ಗೇರು, ಕೆಳಗೆ ನಮ್ಮ ಮನೆ, ಸುರಂಗ, ತೋಡು. ಪಡ್ರೆ, ಸ್ವರ್ಗ, ವಾಣಿನಗರ ಎಲ್ಲ ಹಾಗೆಯೇ. ದನದ ಕರುಗಳು ಊನವಾಗಿ ಹುಟ್ಟುವುದನ್ನು ಪತ್ರಕರ್ತ ಶ್ರೀ ಪಡ್ರೆಯವರು ಬಹಳ ಹಿಂದೆಯೇ ಬರೆದಿದ್ದರು. ಒಂದೇ ಜಾಗದಲ್ಲಿ ಇಷ್ಟೊಂದು ಕಾಯಿಲೆ ಯಾಕೆ ಅಂತ ಡಾಕ್ಟರ್ ಮೋಹನ ಕುಮಾರ್ ಕೇಳಿದರು. ಅವರು ರೋಗಿಗಳ ಪಟ್ಟಿ ಇಟ್ಟಿದ್ದರು, ಅದಕ್ಕೇ ಆ ಪ್ರಶ್ನೆಗೆ ಬೆಲೆ ಬಂತು.

2001ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ನಮ್ಮ ಊರಿನ ನೀರು, ಮಣ್ಣು, ರಕ್ತ ಎಲ್ಲ ಪರೀಕ್ಷೆ ಮಾಡಿ ಎಂಡೋಸಲ್ಫಾನ್ ಇದೆ ಅಂತ ಹೇಳಿತು. ಅದರ ಬೆನ್ನಿಗೇ ಇನ್ನೊಂದು ಲ್ಯಾಬಿನವರು ಇಲ್ಲ ಅಂದರು. ಆಮೇಲೆ ಅಹಮದಾಬಾದಿನಿಂದ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಅಧ್ಯಯನ ಮಾಡಿದರು. ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕುವಾಗ 2011. ಇಷ್ಟು ವರ್ಷ "ಇದೆ", "ಇಲ್ಲ" ಅನ್ನುವ ಜಗಳದಲ್ಲಿ ಹೋಯಿತು. ಮದ್ದು ಬಿಡುವ ಮೊದಲು ನಮ್ಮ ತೋಡಿನ ನೀರು ಹೇಗಿತ್ತು, ಬಿಟ್ಟ ಮರುದಿನ ಹೇಗಿತ್ತು, ಒಂದು ತಿಂಗಳಾದ ಮೇಲೆ ಹೇಗಿತ್ತು, ಇದನ್ನು ಯಾರೂ ತೆಗೆದಿಟ್ಟಿರಲಿಲ್ಲ. ಹೋಲಿಸಲು ಏನೂ ಇಲ್ಲದಿದ್ದರೆ ಕಷ್ಟ ಪಡುವವನೇ ಸಾಕ್ಷಿ ಹುಡುಕಬೇಕಾಗುತ್ತದೆ.

ನೀರು ಚೆನ್ನಾಗಿರುವಾಗಲೇ ಅಳೆದಿಡಬೇಕು. ನಾನು ಎರಡು ಬಾವಿ, ಒಂದು ತೋಡು ತೆಗೆದುಕೊಳ್ಳುತ್ತೇನೆ.

ಬಾಯಾರು ತೋಟ

ಅಕ್ಕ, ನಿಮ್ಮ ಮಾತಿಗೆ ಎದುರು ಹೇಳುವ ಹಾಗಿಲ್ಲ. ನಾನೂ ಸೇರುತ್ತೇನೆ. ಅಳೆಯುವ ಕ್ರಮ ಹೇಳಿ.

ಶೇಡಿಮಣ್ಣು

ನಾನು ಭೂಗರ್ಭಶಾಸ್ತ್ರ ಓದಿದವಳು, ಊರು ಬದಿಯಡ್ಕ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ನಮ್ಮ ನೆಲದ ಬಗ್ಗೆ. ಮೇಲೆ ಮುರಕಲ್ಲು, ಅಂದರೆ ತೂತು ತೂತಾದ ಕೆಂಪು ಕಲ್ಲು. ಅದರ ಕೆಳಗೆ ಶೇಡಿ, ಮೆತ್ತಗಿನ ಜೇಡಿಯಂಥ ಮಣ್ಣು. ಅದಕ್ಕೂ ಕೆಳಗೆ ಗಟ್ಟಿ ಕಲ್ಲು. ಮುರಕಲ್ಲು ಜರಡಿಯ ಹಾಗೆ. ಜೂನ್‌ನಲ್ಲಿ ಮಳೆ ಹಿಡಿದ ಕೆಲವೇ ವಾರಗಳಲ್ಲಿ ಬಾವಿ ತುಂಬುತ್ತದೆ, ಮಳೆ ನಿಂತ ಮೇಲೆ ಅಷ್ಟೇ ವೇಗದಲ್ಲಿ ನೀರು ಬದಿಯಿಂದ ತೋಡಿಗೆ ಇಳಿದು ಹೋಗುತ್ತದೆ. 3500 ಮಿಲಿಮೀಟರ್ ಮಳೆಗೂ ಏಪ್ರಿಲ್‌ನ ಟ್ಯಾಂಕರಿಗೂ ಇರುವ ಸಂಬಂಧ ಇದೇ. ನಮ್ಮ ಬಾವಿ, ಸುರಂಗಗಳಿಗೆ ಬರುವುದು ಮುರಕಲ್ಲು ಮತ್ತು ಶೇಡಿಯ ನೀರು. ಬೋರಿಗೆ ಬರುವುದು ಕೆಳಗಿನ ಗಟ್ಟಿ ಕಲ್ಲಿನ ಬಿರುಕುಗಳ ನೀರು. ಎರಡೂ ಬೇರೆ ಬೇರೆ. ಬಾವಿ ಮತ್ತು ಬೋರಿನ ಅಳತೆಯನ್ನು ಒಂದೇ ಕಾಲಂನಲ್ಲಿ ಹಾಕಿದರೆ ಇಡೀ ಪಟ್ಟಿಯೇ ಹಾಳು. ಯಾವ ಬಗೆ ಅಂತ ಬರೆಯಲೇಬೇಕು.

ಬಾವಿಯ ಕಟ್ಟೆಯ ಮೇಲೆ ಒಂದು ಕಡೆ ಪೈಂಟಿನಲ್ಲಿ ಗುರುತು ಹಾಕಿ. ಪ್ರತಿ ಸಲವೂ ಟೇಪು ಅಲ್ಲಿಂದಲೇ ಇಳಿಯಬೇಕು. ಕಟ್ಟೆ ನೆಲದಿಂದ ಎಷ್ಟು ಎತ್ತರ ಅಂತ ಒಮ್ಮೆ ಅಳೆದು ಬರೆದಿಡಿ. ಟೇಪಿನಲ್ಲಿ 7.80 ಮೀಟರ್ ಬಂತು, ಕಟ್ಟೆ 0.75 ಮೀಟರ್ ಇದೆ ಅಂದರೆ ನೀರು ಇರುವುದು ನೆಲದಿಂದ 7.05 ಮೀಟರ್ ಕೆಳಗೆ. ಈ ಕೊನೆಯ ಅಂಕಿಯನ್ನು ಮಾತ್ರ ಬರೆದು ಉಳಿದ ಎರಡನ್ನು ಬಿಟ್ಟುಬಿಡಬೇಡಿ. ಮೂರನ್ನೂ ಬರೆಯಿರಿ. ನಾಳೆ ಕಟ್ಟೆ ಒಡೆದು ಹೊಸದು ಕಟ್ಟಿಸಿದರೆ ಹಳೆಯ ಅಂಕಿ ಸರಿಪಡಿಸಲು ದಾರಿ ಇರುತ್ತದೆ. ಕೋಲಿನ ಲೆಕ್ಕದಲ್ಲೋ ಅಡಿಯಲ್ಲೋ ಬೇಡ, ಎಲ್ಲರೂ ಮೀಟರಿನಲ್ಲೇ.

ಬಟ್ಟೆಯ ಟೇಪು ಬೇಡ, ಅದು ಹಿಗ್ಗುತ್ತದೆ. ಫೈಬರ್ ಅಥವಾ ಸ್ಟೀಲ್ ಟೇಪು ತನ್ನಿ, ತುದಿಗೆ ಒಂದು ಕಬ್ಬಿಣದ ನಟ್ಟು ಕಟ್ಟಿ. ಸ್ಟೀಲ್ ಟೇಪಾದರೆ ಕೆಳಗಿನ ಒಂದು ಮೀಟರಿಗೆ ಸೀಮೆಸುಣ್ಣ ಉಜ್ಜಿ ಇಳಿಸಿ, ಒದ್ದೆಯಾದ ಗೆರೆ ಸ್ಪಷ್ಟ ಕಾಣುತ್ತದೆ. ಕುಡಿಯುವ ಬಾವಿಗೆ ಇಳಿಸುವ ಮೊದಲು ಟೇಪು, ನಟ್ಟು ಎರಡನ್ನೂ ತೊಳೆಯಿರಿ. ಅಳೆಯುವುದು ಬೆಳಿಗ್ಗೆ, ಪಂಪು ಹಾಕುವ ಮೊದಲು. ಪಂಪು ಹಾಕಿದ ಮೇಲೆ ಸಿಗುವುದು ಪಂಪು ಇಳಿಸಿದ ಮಟ್ಟ, ನೆಲದ ನೀರಿನ ಮಟ್ಟ ಅಲ್ಲ. ಪಂಪು ಇರುವ ಬೋರಿಗೆ ಟೇಪು ಬಿಡಲೇಬೇಡಿ, ಪೈಪಿಗೂ ಕೇಬಲಿಗೂ ಸುತ್ತಿಕೊಂಡರೆ ಪಂಪು ಮೇಲೆತ್ತಬೇಕಾಗುತ್ತದೆ. ಬೋರಿನ ಮಟ್ಟ ನೋಡಲು ನೀರು ತಾಗಿದಾಗ ಸದ್ದು ಮಾಡುವ ಮಾಪಕ ಬರುತ್ತದೆ, ಅದು ಸಿಗುವವರೆಗೆ ಬೋರು ಬೇಡ.

ಇನ್ನು ತೋಡು. ನೇರ ಹರಿಯುವ, ಕಲ್ಲು ಗಿಡ ಕಡಿಮೆ ಇರುವ 10 ಮೀಟರ್ ಜಾಗ ಹುಡುಕಿ. ಅಗಲ ಅಳೆಯಿರಿ. ಆ ಬದಿಯಿಂದ ಈ ಬದಿಯವರೆಗೆ ನಾಲ್ಕೈದು ಕಡೆ ಆಳ ನೋಡಿ ಸರಾಸರಿ ತೆಗೆಯಿರಿ. ಅರ್ಧ ಮುಳುಗಿ ತೇಲುವ ಏನಾದರೂ ನಡುನೀರಿನಲ್ಲಿ ಬಿಟ್ಟು 10 ಮೀಟರಿಗೆ ಎಷ್ಟು ಸೆಕೆಂಡ್ ಅಂತ ನೋಡಿ. ಮೂರು ಸಲ ಬಿಡಿ. ಅಗಲ 3 ಮೀಟರ್, ಸರಾಸರಿ ಆಳ 0.2 ಮೀಟರ್, 10 ಮೀಟರಿಗೆ 25 ಸೆಕೆಂಡ್ ಅಂತ ಇಟ್ಟುಕೊಳ್ಳಿ. ವೇಗ ಸೆಕೆಂಡಿಗೆ 0.4 ಮೀಟರ್. ಮೇಲ್ಮೈಯ ನೀರು ಅಡಿಯ ನೀರಿಗಿಂತ ಬೇಗ ಓಡುತ್ತದೆ, ಅದಕ್ಕೆ 0.85ರಿಂದ ಗುಣಿಸಬೇಕು, 0.34 ಆಯಿತು. ಅಗಲ, ಆಳ ಎರಡನ್ನೂ ಗುಣಿಸಿದರೆ 0.6. ಅಂದರೆ ಸೆಕೆಂಡಿಗೆ 0.204 ಘನ ಮೀಟರ್, 204 ಲೀಟರ್. ಇದು ಅಂದಾಜು, ಆದರೆ ಅದೇ ಜಾಗದಲ್ಲಿ ಪ್ರತಿ ತಿಂಗಳು ಮಾಡಿದರೆ ಬಹಳ ಉಪಯೋಗಕ್ಕೆ ಬರುತ್ತದೆ. ಮಳೆಗಾಲದಲ್ಲಿ ತುಂಬಿ ಹರಿಯುವಾಗ ದಯವಿಟ್ಟು ಇಳಿಯಬೇಡಿ. ಆಗ ಸೇತುವೆಯ ಕಂಬದಲ್ಲಿ ಗೆರೆ ಹಾಕಿ ಎತ್ತರ ನೋಡಿದರೆ ಸಾಕು.

ತೋಡಿನ ಹರಿವು ಪೂರ್ತಿ ನಿಂತ ದಿನಾಂಕ ಬರೆಯಲು ಮರೆಯಬೇಡಿ. ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಬಹಳ ಮುಖ್ಯವಾದದ್ದು ಇದೇ, ಯಾಕೆಂದರೆ ಇದಕ್ಕೆ ಯಾವ ಉಪಕರಣವೂ ಬೇಡ, ತೋಟಕ್ಕೆ ದಿನಾ ಹೋಗುವ ಯಾರು ಬೇಕಾದರೂ ಹೇಳಬಹುದು, ಮತ್ತು ಗುಡ್ಡದಲ್ಲಿ ನೀರು ಎಷ್ಟು ದಿನ ಉಳಿಯಿತು ಅಂತ ಅದೊಂದೇ ದಿನಾಂಕ ಹೇಳಿಬಿಡುತ್ತದೆ.

ಬಾಯಾರು ತೋಟ

ಸುರಂಗಕ್ಕೆ ಹೇಗೆ? ಒಳಗೆ ಹೋಗಿ ಅಳೆಯುವುದು ಎಲ್ಲರಿಗೂ ಆಗುವ ಕೆಲಸ ಅಲ್ಲ.

ಶೇಡಿಮಣ್ಣು

ಒಳಗೆ ಹೋಗುವುದೇ ಬೇಡ ಅಣ್ಣ, ಅಪಾಯ. ನೀರು ಹೊರಗೆ ಬೀಳುವ ದಂಬೆಯ ಅಡಿಗೆ 10 ಲೀಟರಿನ ಬಾಲ್ದಿ ಹಿಡಿಯಿರಿ. ಮೊಬೈಲಿನಲ್ಲಿ ಸ್ಟಾಪ್‌ವಾಚ್. 40 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 15 ಲೀಟರ್, ದಿನಕ್ಕೆ 21,600 ಲೀಟರ್. ಪಂಪಿಲ್ಲದೆ, ಕರೆಂಟಿಲ್ಲದೆ ಇಷ್ಟು ಕೊಡುವ ಸುರಂಗದ ಹರಿವು ಎಷ್ಟು ವರ್ಷದಿಂದ ಕಡಿಮೆ ಆಗುತ್ತಿದೆ ಅಂತ ತೋರಿಸುವ ಅಂಕಿ ಬಾಯಾರು, ಶೇಣಿ ಕಡೆಯಿಂದ ಬರಬೇಕು. ಹತ್ತಿರ ಹೊಸ ಬೋರು ಕೊರೆದ ದಿನಾಂಕವನ್ನೂ ಬದಿಯಲ್ಲಿ ಬರೆದಿಡಿ. ಯಾರ ಬೋರು ಅಂತ ಬೇಡ, ದಿನಾಂಕ ಮತ್ತು ಅಂದಾಜು ದೂರ ಸಾಕು.

ಕುಂಬಳೆ ಕಡಪ್ಪುರ

ಗುಡ್ಡದವರಿಗೆ ನೀರು ಇಳಿಯುವ ಚಿಂತೆ, ನಮಗೆ ಉಪ್ಪಾಗುವ ಚಿಂತೆ. ನಮ್ಮ ಬಾವಿಯಲ್ಲಿ ನೀರು ಬತ್ತುವುದೇ ಇಲ್ಲ, ಮಟ್ಟ ಅಳೆದರೆ ಎಲ್ಲ ಚೆನ್ನಾಗಿದೆ ಅಂತ ಕಾಣುತ್ತದೆ. ಬಾಯಿಗೆ ಹಾಕಿದರೆ ಗೊತ್ತಾಗುತ್ತದೆ. ಹಾಗಾಗಿ ಕಡಲ ಬದಿಗೆ ಬೇರೆ ಅಳತೆ ಬೇಕು.

ಚಂದ್ರಗಿರಿ ಹೊಳೆಯಲ್ಲೂ ಇದೇ ಕಷ್ಟ ಇತ್ತು. ಕಾಸರಗೋಡು ಪೇಟೆಗೆ ನೀರು ಕೊಡುವ ಬಾವಿಕ್ಕೆರೆಯವರೆಗೆ ಬೇಸಿಗೆಯಲ್ಲಿ ಕಡಲಿನ ಉಪ್ಪು ನೀರು ಹತ್ತಿ ಬರುತ್ತಿತ್ತು. ಮರಳು ಚೀಲದ ತಡೆ ಹಾಕುತ್ತಿದ್ದರು, ಅದು ಒಡೆದರೆ ನಲ್ಲಿಯಲ್ಲಿ ಉಪ್ಪು ನೀರು. ಶಾಶ್ವತ ರೆಗ್ಯುಲೇಟರ್ ಆಗಬೇಕಾದರೆ ಎಷ್ಟು ವರ್ಷ ಬೇಕಾಯಿತು ಅಂತ ಪೇಟೆಯವರು ನೆನಪಿಟ್ಟಿದ್ದಾರೆ.

ಶೇಡಿಮಣ್ಣು

ಸರಿಯಾದ ಮಾತು. ಕಡಲ ಬದಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರ ಮಟ್ಟಕ್ಕಿಂತ 1 ಮೀಟರ್ ಎತ್ತರಕ್ಕೆ ಸಿಹಿನೀರು ನಿಂತರೆ, ಸಮುದ್ರ ಮಟ್ಟದ ಕೆಳಗೆ ಸುಮಾರು 40 ಮೀಟರಿನಷ್ಟು ಸಿಹಿನೀರು ಇರುತ್ತದೆ ಅಂತ ಒಂದು ಲೆಕ್ಕ. ತಿರುಗಿಸಿ ನೋಡಿ. ಮೇಲೆ ಅರ್ಧ ಮೀಟರ್ ಇಳಿಸಿದರೆ ಕೆಳಗೆ ಉಪ್ಪು 20 ಮೀಟರ್ ಏರಲು ದಾರಿ ಆಗುತ್ತದೆ. ಆದ್ದರಿಂದ ಕುಂಬಳೆ, ಉಪ್ಪಳ, ಮಂಜೇಶ್ವರದ ಕಡಲ ಬದಿಯವರು ಮಟ್ಟದ ಜೊತೆ ಕ್ಲೋರೈಡ್ ಮತ್ತು ವಿದ್ಯುತ್ ವಾಹಕತೆ ನೋಡಲೇಬೇಕು. ಹೊಳೆಬದಿಯ ಬಾವಿಯಾದರೆ ಭರತದ ಹೊತ್ತೋ ಇಳಿತದ ಹೊತ್ತೋ ಅಂತಲೂ ಬರೆಯಿರಿ.

ಲ್ಯಾಬಿನವಳು

ನೀರು ಪರೀಕ್ಷೆ ನನ್ನ ದಿನದ ಕೆಲಸ. ಟಿಡಿಎಸ್ ಪೆನ್ನಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಎಲ್ಲರ ಕೈಯಲ್ಲೂ ಅದು ಇದೆ. ನೀರಿಗೆ ಅದ್ದಿ "45 ಬಂತು, ಬಹಳ ಶುದ್ಧ ನೀರು" ಅನ್ನುತ್ತಾರೆ. ಆ ಪೆನ್ನು ನೋಡುವುದು ನೀರಿನಲ್ಲಿ ಕರಗಿದ ಲವಣಗಳನ್ನು ಮಾತ್ರ. ಮುರಕಲ್ಲಿನ ನೀರಿನಲ್ಲಿ ಲವಣ ಕಡಿಮೆಯೇ ಇರುತ್ತದೆ, ಆದ್ದರಿಂದ ಇಲ್ಲಿ ಯಾವ ಬಾವಿಗೆ ಅದ್ದಿದರೂ ಕಡಿಮೆಯೇ ಬರುವುದು. ಇಕೋಲೈ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಇದ್ದರೆ ಅದು ತೋರಿಸುವುದಿಲ್ಲ. ಕೀಟನಾಶಕ ಇದ್ದರೂ ತೋರಿಸುವುದಿಲ್ಲ. ಉಪ್ಪು ನೀರು ಬರುತ್ತಿದೆಯಾ ಅಂತ ಕಡಲ ಬದಿಯವರಿಗೆ ನೋಡಲು ಅದು ಬಹಳ ಒಳ್ಳೆಯದು. ಗುಡ್ಡದವರು ಅದನ್ನು ನಂಬಿ ಕೂರಬೇಡಿ.

ಕುಡಿಯುವ ನೀರಿನ ಗುಣಮಟ್ಟಕ್ಕೆ ನಮ್ಮ ದೇಶದಲ್ಲಿ ಐಎಸ್ 10500 ಇದೆ, 2012ರದ್ದು. ಪಿಎಚ್ 6.5ರಿಂದ 8.5, ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1000ದವರೆಗೆ. ನೈಟ್ರೇಟ್ 45. ಇಕೋಲೈ 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು. ನಮ್ಮ ಕಡೆ ಪಿಎಚ್ 6.5ಕ್ಕಿಂತ ಕೆಳಗೆ ಬರುವುದು ಸಾಮಾನ್ಯ. ಮಳೆ ನೀರೇ ಸ್ವಲ್ಪ ಹುಳಿ, ಮುರಕಲ್ಲಿನಲ್ಲಿ ಅದನ್ನು ಸರಿಮಾಡುವ ಸುಣ್ಣದ ಅಂಶ ಇಲ್ಲ. ಗಾಬರಿ ಬೇಡ, ಆದರೆ ಅಂಥ ನೀರು ಕಬ್ಬಿಣದ ಪೈಪನ್ನು ತಿನ್ನುತ್ತದೆ.

ನಿಜವಾದ ಚಿಂತೆ ಇಕೋಲೈ. ತೆರೆದ ಬಾವಿ, ಪಕ್ಕದಲ್ಲೇ ಕಕ್ಕಸಿನ ಗುಂಡಿ, ನಡುವೆ ನೀರು ಸಲೀಸಾಗಿ ಹರಿಯುವ ಮುರಕಲ್ಲು. ಬಾವಿಗೂ ಗುಂಡಿಗೂ 7.5 ಮೀಟರ್ ದೂರ ಇರಬೇಕು ಅಂತ ಕೇರಳದ ಕಟ್ಟಡ ನಿಯಮ ಹೇಳುತ್ತದೆ. ಐದು ಸೆಂಟ್ಸ್ ಜಾಗದ ಮನೆಗಳಲ್ಲಿ ಅಷ್ಟು ದೂರ ಸಿಗುವುದು ಎಲ್ಲಿಂದ, ಪಕ್ಕದ ಮನೆಯ ಗುಂಡಿ ಬೇರೆ. ಮೊದಲ ಮಳೆಯ ಹೊತ್ತಿಗೆ ಬರುವ ಸ್ಯಾಂಪಲ್‌ಗಳನ್ನು ನೋಡುವಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಸ್ಯಾಂಪಲ್ ತೆಗೆಯುವಾಗ ರಾಸಾಯನಿಕ ಪರೀಕ್ಷೆಗೆ ಒಂದು ಲೀಟರಿನ ಶುಚಿಯಾದ ಬಾಟಲಿ, ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿಸಿ. ಇಕೋಲೈ ಪರೀಕ್ಷೆಗೆ ಲ್ಯಾಬಿನಿಂದಲೇ ಕೊಡುವ ಬಾಟಲಿ ಬೇಕು, ಅದನ್ನು ತೊಳೆಯಬಾರದು, ಮುಚ್ಚಳದ ಒಳಗೆ ಕೈ ತಾಗಬಾರದು. ಐಸಿನಲ್ಲಿ ಇಟ್ಟು ಆರು ಗಂಟೆಯೊಳಗೆ ತಲುಪಿಸಲು ನೋಡಿ. ಬಾಟಲಿಯ ಮೇಲೆ ದಿನಾಂಕ, ಹೊತ್ತು, ಬಾವಿಯ ನಂಬರ್, ತೆಗೆದವರ ಹೆಸರು ಬರೆಯದಿದ್ದರೆ ಆ ಸ್ಯಾಂಪಲಿಗೆ ಬೆಲೆಯೇ ಇಲ್ಲ.

ಮುಳಿಯಾರಿನ ಅಕ್ಕ

ಜಲ ಜೀವನ್ ಮಿಷನ್‌ನಲ್ಲಿ ಊರಿಗೆ ಐದು ಹೆಂಗಸರಿಗೆ ಕಿಟ್ಟಿನಲ್ಲಿ ನೀರು ಪರೀಕ್ಷೆ ಮಾಡಲು ಕಲಿಸುವ ಕ್ರಮ ಇದೆ. ಕಲಿತವರು ನಿಮ್ಮ ಪಂಚಾಯತಿನಲ್ಲೂ ಇರಬಹುದು, ಕೇಳಿ ನೋಡಿ. ಅವರನ್ನು ಬಿಟ್ಟು ಹೊಸದಾಗಿ ಶುರು ಮಾಡಬೇಡಿ. ಬಾವಿಯ ನೀರು ಸೇದುವುದು, ಕೊಡಪಾನ ಹೊರುವುದು ಹೆಂಗಸರೇ ಆದ ಮೇಲೆ ಯಾವ ಬಾವಿ ಯಾವಾಗ ಕೆಂಪಾಗುತ್ತದೆ, ಯಾವಾಗ ವಾಸನೆ ಬರುತ್ತದೆ ಅಂತ ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ.

ಇನ್ನೊಂದು, ಫಾರಂ ಕನ್ನಡದಲ್ಲಿ ಮಾತ್ರ ಬೇಡ. ನಮ್ಮ ವಾರ್ಡಿನಲ್ಲಿ ಅರ್ಧದಷ್ಟು ಮನೆಗಳಲ್ಲಿ ಮಲಯಾಳ. ಎರಡೂ ಭಾಷೆಯಲ್ಲಿ ಮಾಡಿ. ಪಂಚಾಯತಿಗೆ ಕೊಡುವಾಗಲೂ ಅನುಕೂಲ.

ಪೆರ್ಲದ ಮೇಷ್ಟ್ರು

ಹರಿತ ಕೇರಳ ಮಿಷನ್ ಕಡೆಯಿಂದ ಹೈಯರ್ ಸೆಕೆಂಡರಿ ಶಾಲೆಗಳ ಕೆಮಿಸ್ಟ್ರಿ ಲ್ಯಾಬುಗಳಲ್ಲಿ ನೀರು ಪರೀಕ್ಷೆಯ ವ್ಯವಸ್ಥೆ ಮಾಡಿದ್ದಾರೆ. ಹತ್ತಿರದ ಶಾಲೆಯಲ್ಲಿ ಇದೆಯಾ ಅಂತ ವಿಚಾರಿಸಿ. ಪಿಎಚ್, ಕ್ಲೋರೈಡ್ ತರದ್ದು ಅಲ್ಲೇ ಆಗುತ್ತದೆ, ಮಕ್ಕಳಿಗೂ ಪಾಠ.

ಪಡ್ರೆಯ ಮಗಳು

ಅಡಿಕೆ ಮದ್ದಿನ ಬಗ್ಗೆ ಯಾರೂ ಹೇಳಲಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡದ ತೋಟ ಇಲ್ಲ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಮಳೆಗಾಲದಲ್ಲೇ ಬಿಡುವುದು, ಮಳೆಗೆ ತೊಳೆದು ಹೋಗುವುದು ತೋಡಿಗೇ. ಮದ್ದು ಬಿಡಬೇಡಿ ಅನ್ನುತ್ತಿಲ್ಲ, ನಮ್ಮದೂ ಅಡಿಕೆ ತೋಟವೇ. ಆದರೆ ತೋಡಿನ ನೀರಿನಲ್ಲಿ ತಾಮ್ರ ಎಷ್ಟು ಅಂತ ಮದ್ದು ಬಿಡುವ ಮೊದಲು ಒಮ್ಮೆ, ಬಿಟ್ಟ ಮೇಲಿನ ಮೊದಲ ದೊಡ್ಡ ಮಳೆಗೆ ಒಮ್ಮೆ ನೋಡಬೇಕು.

ಲ್ಯಾಬಿನವಳು

ಖಂಡಿತ ನೋಡಬೇಕು. ಕುಡಿಯುವ ನೀರಿಗೆ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ. ಮೀನು, ಏಡಿಗಳಿಗೆ ಅದಕ್ಕಿಂತ ಬಹಳ ಕಡಿಮೆಯೂ ತೊಂದರೆ ಕೊಡಬಹುದು. ಇದು ಕಿಟ್ಟಿನಲ್ಲಿ ಆಗುವ ಕೆಲಸ ಅಲ್ಲ, ದೊಡ್ಡ ಲ್ಯಾಬಿಗೇ ಕಳಿಸಬೇಕು. ತೋಡಿನ ಅಡಿಯ ಕೆಸರನ್ನೂ ಕಳಿಸಿ. ತಾಮ್ರ ಕೆಸರಿನಲ್ಲಿ ಕೂರುತ್ತದೆ, ನೀರಿನಲ್ಲಿ ಸಿಗಲಿಲ್ಲ ಅಂತ ಬಿಟ್ಟುಬಿಟ್ಟರೆ ಅರ್ಧ ವಿಷಯ ತಪ್ಪಿಹೋಗುತ್ತದೆ.

ವಿಟ್ಲದಿಂದ

ಗಡಿಯ ಈಚೆಯವನು ಮಾತಾಡಬಹುದಾ? ಉಪ್ಪಳ ಹೊಳೆ ಹುಟ್ಟುವುದು ನಮ್ಮ ವೀರಕಂಬದ ಗುಡ್ಡದಲ್ಲಿ. ಶಿರಿಯ ಹೊಳೆ ಆನೆಗುಂಡಿ ಕಾಡಿನಲ್ಲಿ. ಪಯಸ್ವಿನಿ ಕೊಡಗಿನ ಕಡೆಯಿಂದ ಸುಳ್ಯ ದಾಟಿ ನಿಮ್ಮ ಚಂದ್ರಗಿರಿ ಆಗುತ್ತದೆ. ಇಲ್ಲಿ ಮೇಲೆ ತೋಟ ಜಾಸ್ತಿಯಾಗಿ, ಪಂಪು ಜಾಸ್ತಿಯಾಗಿ ಹರಿವು ಕಡಿಮೆಯಾದರೆ ಗೊತ್ತಾಗುವುದು ನಿಮಗೆ ಕೆಳಗೆ. ಈಗ ಕರ್ನಾಟಕದ ಅಂಕಿ ಒಂದು ಇಲಾಖೆಯಲ್ಲಿ, ಕೇರಳದ್ದು ಇನ್ನೊಂದರಲ್ಲಿ. ಎರಿಂಜಿಪುಯದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಇದೆ, ಮಧೂರು, ಉಪ್ಪಳದಲ್ಲಿ ನೆರೆಯ ಎಚ್ಚರಿಕೆಗೆ ಮಟ್ಟ ನೋಡುತ್ತಾರೆ. ಅವು ದೊಡ್ಡ ಹೊಳೆಗೆ ಆಯಿತು, ಅದಕ್ಕೆ ನೀರು ಕೊಡುವ ತೋಡುಗಳಿಗೆ ಏನೂ ಇಲ್ಲ.

ಪಂಚಾಯತ್ ಪ್ರಕಾರ ಬೇಡ, ಹೊಳೆಯ ಪ್ರಕಾರ ಗುಂಪು ಮಾಡಿ. ಉಪ್ಪಳ ಹೊಳೆಯ ಮೇಲಿನ ಭಾಗಕ್ಕೆ ನಾವು ನಾಲ್ಕೈದು ಜನ ಸಿಗುತ್ತೇವೆ.

ನೀರ್ಚಾಲಿನವ

ಇದು ನನಗೆ ಹೊಳೆದಿರಲಿಲ್ಲ, ಬಹಳ ಒಳ್ಳೆಯ ಮಾತು. ಹೊಳೆಯ ಪ್ರಕಾರವೇ ಮಾಡೋಣ. ಪಂಚಾಯತಿಗೆ ಕೊಡುವಾಗ ವಾರ್ಡಿನ ಕಾಲಂ ನೋಡಿ ಬೇರೆ ಮಾಡಿದರೆ ಆಯಿತು.

ಕೋಡ್ ಬರೆಯುವವ

ಬೆಂಗಳೂರಿನಲ್ಲಿದ್ದೇನೆ, ಮನೆ ಶೇಣಿ. ಫಾರಂ ಮತ್ತು ಶೀಟು ನಾನು ಮಾಡುತ್ತೇನೆ. ವಾಟ್ಸಾಪ್ ಗುಂಪಿನಲ್ಲಿ ಅಂಕಿ ಹಾಕಬೇಡಿ, ಎರಡು ತಿಂಗಳಲ್ಲಿ ಗುಡ್ ಮಾರ್ನಿಂಗ್‌ಗಳ ಕೆಳಗೆ ಮುಚ್ಚಿಹೋಗುತ್ತದೆ. ಒಂದು ಪ್ರಶ್ನೆ ಇದೆ. ಜಾಗದ ನಿಖರ ಗುರುತು ಎಲ್ಲರಿಗೂ ಕಾಣಬೇಕಾ?

ಮುಳಿಯಾರಿನ ಅಕ್ಕ

ಬೇಡ. ಇಕೋಲೈ ಇದೆ ಅಂತ ಒಂದು ಮನೆಯ ಬಾವಿಯ ಮೇಲೆ ಕೆಂಪು ಚುಕ್ಕಿ ಹಾಕಿದರೆ ಆ ಮನೆಯವರು ಮತ್ತೆ ಯಾರನ್ನೂ ಬಾವಿಯ ಹತ್ತಿರ ಬಿಡುವುದಿಲ್ಲ. ಮನೆಯವರಿಗೆ ಮೊದಲು ಹೇಳಬೇಕು, ಏನು ಮಾಡಬೇಕು ಅಂತಲೂ ಹೇಳಬೇಕು. ಬ್ಲೀಚಿಂಗ್ ಹಾಕುವುದು, ಕುದಿಸಿ ಕುಡಿಯುವುದು, ಗುಂಡಿ ಸರಿಮಾಡುವುದು.

ಬಾಯಾರು ತೋಟ

ಅಕ್ಕ ಹೇಳಿದ ಹಾಗೆ ಮಾಡಿದರೆ ನಮ್ಮ ಕಡೆಯ ಜನ ಒಪ್ಪುತ್ತಾರೆ. ಇಲ್ಲದಿದ್ದರೆ ಒಂದು ಮನೆಯೂ ಒಪ್ಪುವುದಿಲ್ಲ.

ನೀರ್ಚಾಲಿನವ

ಹಾಗಾದರೆ ಹೀಗೆ ಮಾಡೋಣ. ಎಲ್ಲರಿಗೂ ಕಾಣುವ ಶೀಟಿನಲ್ಲಿ ಬಾವಿಗೆ ನಂಬರ್ ಮಾತ್ರ, ವಾರ್ಡ್ ಮತ್ತು ಹೊಳೆಯ ಹೆಸರು. ನಿಖರ ಜಾಗ ಅಳೆಯುವವರ ಪುಸ್ತಕದಲ್ಲಿ ಇರಲಿ. ನೀರಿನ ಮಟ್ಟ, ತೋಡಿನ ಹರಿವು, ಮಳೆ ಎಲ್ಲ ಪೂರ್ತಿ ತೆರೆದಿರಲಿ. ಇಕೋಲೈ ಅಂಕಿ ವಾರ್ಡ್ ಮಟ್ಟದಲ್ಲಿ ಮಾತ್ರ. ಪ್ರತಿಯೊಬ್ಬರೂ ಕಾಗದದ ಪುಸ್ತಕದಲ್ಲೂ ಬರೆಯಬೇಕು, ಮೊಬೈಲ್ ಹೋದರೆ ಅಂಕಿ ಹೋಗಬಾರದು.

ನವೆಂಬರ್ ಮೊದಲ ಭಾನುವಾರ ಬೆಳಿಗ್ಗೆ ಎಲ್ಲರೂ ಮೊದಲ ಅಳತೆ ತೆಗೆಯೋಣ. ತುಲಾ ಮಳೆ ಇದ್ದರೂ ಪರವಾಗಿಲ್ಲ, ಮಳೆಯನ್ನೂ ಬರೆಯಿರಿ. ಆ ತಿಂಗಳು ಮಂಡಳಿಯವರೂ ಅಳೆಯುವುದರಿಂದ ಹೋಲಿಸಲು ಸಿಗುತ್ತದೆ. ಶೇಡಿಮಣ್ಣು ಅಕ್ಕ, ಅದಕ್ಕೆ ಮೊದಲು ಒಂದು ದಿನ ನೀರ್ಚಾಲಿಗೆ ಬಂದು ಟೇಪು ಹಿಡಿಯುವುದು ಹೇಗೆ ಅಂತ ತೋರಿಸಿಕೊಡುತ್ತೀರಾ?

ಶೇಡಿಮಣ್ಣು

ಬರುತ್ತೇನೆ. ಒಂದೇ ಬಾವಿಯನ್ನು ಎಲ್ಲರ ಕೈಯಲ್ಲೂ ಅಳೆಸಿ ನೋಡುತ್ತೇನೆ. ಎರಡು ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮತ್ತೆ ಕಲಿಯೋಣ.

ಪೆರ್ಲದ ಮೇಷ್ಟ್ರು

ಮಕ್ಕಳು ಕೇಳುತ್ತಿದ್ದಾರೆ. ಏಪ್ರಿಲ್‌ನಲ್ಲಿ ಬಾವಿ ಪೂರ್ತಿ ಬತ್ತಿದ್ದರೆ ಏನು ಬರೆಯಬೇಕು? ಸೊನ್ನೆಯಾ?

ಶೇಡಿಮಣ್ಣು

ಸೊನ್ನೆ ಬೇಡ ಮೇಷ್ಟ್ರೇ. ನಮ್ಮ ಲೆಕ್ಕದಲ್ಲಿ ಸೊನ್ನೆ ಅಂದರೆ ನೀರು ನೆಲದ ಮಟ್ಟಕ್ಕೆ ಬಂದು ನಿಂತಿದೆ ಅಂತ ಅರ್ಥ ಆಗುತ್ತದೆ. "ಬತ್ತಿದೆ" ಅಂತ ಬರೆದು ಪಕ್ಕದಲ್ಲಿ ಬಾವಿಯ ತಳ ಎಷ್ಟು ಆಳದಲ್ಲಿದೆ ಅಂತ ಹಾಕಿ. ಆ ತಿಂಗಳು ಅಳೆಯಲು ಹೋಗದಿದ್ದರೆ "ಅಳೆದಿಲ್ಲ" ಅಂತ ಬರೆಯಿರಿ. ಖಾಲಿ ಬಿಡಬೇಡಿ, ಅಂದಾಜಿನಲ್ಲಿ ತುಂಬಲೂ ಬೇಡಿ.